ನೋವಿನ ಗುಳಿಗೆ, ಮೈಯ ನೀರು, ಬೋರಿನ ನೀರು: ರಾಯಚೂರು, ದೇವದುರ್ಗ, ಮಾನ್ವಿ ಸೀಮೆಯ ಉರಿಯೂತ ನಿವಾರಕಗಳ ಬಗ್ಗೆ ಒಂದು ಟಿಪ್ಪಣಿ

ಉರಿಯೂತ ನಿವಾರಕ ಔಷಧಗಳ ಬಗ್ಗೆ ನಮಗಿರುವ ತಿಳಿವಳಿಕೆಯ ಬಹುಪಾಲು ಆಸ್ಪತ್ರೆಗಳ ಪ್ರಯೋಗಗಳಿಂದ ಬಂದದ್ದು. ಅಂಥ ಪ್ರಯೋಗಗಳಲ್ಲಿ ಸಾಮಾನ್ಯವಾಗಿ ಮೂತ್ರಪಿಂಡ ಸೋತವರನ್ನೂ ಜಠರದಲ್ಲಿ ಹುಣ್ಣಿದ್ದವರನ್ನೂ ಮೊದಲೇ ಹೊರಗಿಡುತ್ತಾರೆ. ಉಳಿದವರಿಗೆ ಗೊತ್ತುಮಾಡಿದ ಪ್ರಮಾಣದಲ್ಲಿ, ಗೊತ್ತುಮಾಡಿದಷ್ಟು ದಿನ ಗುಳಿಗೆ ಕೊಟ್ಟು ನಿಗಾ ಇಡುತ್ತಾರೆ. ಅದೇ ಗುಳಿಗೆ ಮಾನ್ವಿಯ ನೆಲ್ಲಿನ ಗದ್ದೆಗೆ, ದೇವದುರ್ಗದ ಹತ್ತಿ ಹೊಲಕ್ಕೆ, ರಾಯಚೂರಿನ ರಾಜೇಂದ್ರ ಗಂಜ್‌ನ ಹಮಾಲರ ಕೈಗೆ ಬಂದಾಗ ಅದರ ಉಪಯೋಗವೇ ಬದಲಾಗುತ್ತದೆ. ಇಲ್ಲಿ ಅದನ್ನು ನುಂಗುವುದು ವಿಶ್ರಾಂತಿಯ ಬದಲಿಗೆ, ನಾಳೆಯ ಕೂಲಿ ತಪ್ಪದಿರಲಿ ಎಂದು. ಈ ಸೀಮೆಯಲ್ಲಿ ನೋವಿನ ಔಷಧವನ್ನು ತೂಗಬೇಕಾದರೆ ಎರಡು ಪ್ರಶ್ನೆಗಳನ್ನು ಕೇಳಲೇಬೇಕು: ನುಂಗುವವರ ಮೈಯಲ್ಲಿ ನೀರು ಎಷ್ಟಿದೆ? ಅವರು ಕುಡಿಯುವ ನೀರಿನಲ್ಲಿ ಏನಿದೆ? ಈ ಎರಡೂ ಒಂದಕ್ಕೊಂದು ಅಡ್ಡ ಬರುತ್ತವೆ ಎಂಬುದೇ ಇಲ್ಲಿನ ತೊಡಕು.

ಮೊದಲು ಔಷಧದ ಕುಲ. ಡೈಕ್ಲೋಫೆನಾಕ್, ಅಸಿಕ್ಲೋಫೆನಾಕ್, ಐಬುಪ್ರೊಫೆನ್, ನಿಮೆಸುಲೈಡ್, ಪೈರಾಕ್ಸಿಕಾಮ್, ಮೆಫೆನಾಮಿಕ್ ಆಮ್ಲ, ಎಟೋರಿಕಾಕ್ಸಿಬ್ ಇವೆಲ್ಲ ಸ್ಟೀರಾಯ್ಡ್ ಅಲ್ಲದ ಉರಿಯೂತ ನಿವಾರಕಗಳು. ಪ್ಯಾರಾಸಿಟಮಾಲ್ ಈ ಗುಂಪಿಗೆ ಸೇರಿದ್ದಲ್ಲ; ಅದು ಜ್ವರ ಇಳಿಸುತ್ತದೆ, ನೋವು ತಗ್ಗಿಸುತ್ತದೆ, ಊತದ ಮೇಲೆ ಹೆಚ್ಚು ಕೆಲಸ ಮಾಡುವುದಿಲ್ಲ. ಮೆಡಿಕಲ್ ಅಂಗಡಿಯ ಕಟ್ಟೆಯ ಮೇಲೆ ಈ ಭೇದ ಉಳಿದಿಲ್ಲ. ಡೈಕ್ಲೋಫೆನಾಕ್‌ನ್ನು ವೈದ್ಯರ ಚೀಟಿ ಇಲ್ಲದೆ ಮಾರಬಾರದೆಂದು ಔಷಧ ನಿಯಮಗಳ ಎಚ್ ಅನುಸೂಚಿ ಹೇಳುತ್ತದೆ. ಆದರೆ "ಮೈಕೈ ನೋವೈತ್ರಿ, ಒಂದ್ ಡೋಸ್ ಕೊಡ್ರಿ" ಎಂಬ ಮಾತೇ ಚೀಟಿಯ ಕೆಲಸ ಮಾಡುತ್ತದೆ. ಆ ಒಂದು ಡೋಸ್ ಎಂದರೆ ಚಿಕ್ಕ ಕಾಗದದ ಪೊಟ್ಟಣದಲ್ಲಿ ಮೂರು ನಾಲ್ಕು ಬಿಡಿ ಗುಳಿಗೆ. ಒಂದು ನೋವಿನದು, ಒಂದು ಗ್ಯಾಸಿನದು, ಒಂದು ಬಿ ಕಾಂಪ್ಲೆಕ್ಸ್. ಕೆಲವೊಮ್ಮೆ ಸಣ್ಣದೊಂದು ಬಿಳಿ ಗುಳಿಗೆ, ಅದು ಸ್ಟೀರಾಯ್ಡ್. ಪಟ್ಟಿಯನ್ನು ಕತ್ತರಿಯಿಂದ ತುಂಡರಿಸಿ ಕೊಡುವುದರಿಂದ ಔಷಧದ ಹೆಸರು ಒಂದು ತುಂಡಿನಲ್ಲಿ, ಅವಧಿ ಮುಗಿಯುವ ದಿನಾಂಕ ಇನ್ನೊಂದರಲ್ಲಿ ಉಳಿಯುತ್ತದೆ. ಮುಂದೆ ಮೈಮೇಲೆ ಗಂದೆ ಎದ್ದು, ಮೂತ್ರ ಕಡಿಮೆಯಾಗಿ ಆಸ್ಪತ್ರೆಗೆ ಬಂದವರು ಏನು ನುಂಗಿದ್ದರೆಂದು ಪತ್ತೆ ಹಚ್ಚಲು ವೈದ್ಯರ ಹತ್ತಿರ ಯಾವ ಆಧಾರವೂ ಇರುವುದಿಲ್ಲ.

ಪೊಟ್ಟಣದ ಗ್ಯಾಸಿನ ಗುಳಿಗೆಯ ಬಗ್ಗೆ ಒಂದು ಮಾತು. ಅದನ್ನು ಸೇರಿಸುವುದರಲ್ಲಿ ತರ್ಕವಿದೆ. ಜಠರದ ಒಳಪೊರೆಯನ್ನು ಆಮ್ಲದಿಂದ ಕಾಯುವುದು ಪ್ರೊಸ್ಟಾಗ್ಲಾಂಡಿನ್ ಎಂಬ ರಾಸಾಯನಿಕ; ಉರಿಯೂತ, ನೋವು, ಜ್ವರ ತರುವುದೂ ಅದೇ ಕುಲದ ರಾಸಾಯನಿಕ. ಆಸ್ಪಿರಿನ್ ಮತ್ತು ಅದರ ಬಂಧುಗಳು ಇದರ ಉತ್ಪಾದನೆಯನ್ನೇ ತಡೆದು ಕೆಲಸ ಮಾಡುತ್ತವೆ ಎಂದು ಲಂಡನ್ನಿನಲ್ಲಿ ಜಾನ್ ವೇನ್ ತೋರಿಸಿದ್ದು 1971ರಲ್ಲಿ. 1982ರ ವೈದ್ಯಕೀಯ ನೊಬೆಲ್ ಪ್ರಶಸ್ತಿಯಲ್ಲಿ ಅವರಿಗೂ ಪಾಲು ಸಿಕ್ಕಿತು. ಹೀಗಾಗಿ ಗುಣವೂ ದೋಷವೂ ಒಂದೇ ಬೇರಿನಿಂದ ಬಂದವು. ಪ್ಯಾಂಟೊಪ್ರಜೋಲ್‌ನಂಥ ಗುಳಿಗೆ ಜಠರವನ್ನು ಒಂದು ಮಟ್ಟಿಗೆ ಕಾಯುತ್ತದೆ. ಮೂತ್ರಪಿಂಡಕ್ಕೆ ಮಾತ್ರ ಅಂಥ ಕಾವಲಿನ ಗುಳಿಗೆ ಯಾವುದೂ ಇಲ್ಲ. ಹೊಟ್ಟೆ ಉರಿದರೆ ಗೊತ್ತಾಗುತ್ತದೆ. ಮೂತ್ರಪಿಂಡ ನೋಯದೆಯೇ ಸೋಲುತ್ತದೆ. ಈ ಸೀಮೆಯಲ್ಲಿ ಹೆಚ್ಚು ಚಿಂತೆ ಪಡಬೇಕಾದ್ದು ಅದಕ್ಕೇ.

ಮೂತ್ರಪಿಂಡಕ್ಕೆ ರಕ್ತ ತರುವ ಸಣ್ಣ ನಾಳಗಳನ್ನು ಹಿಗ್ಗಿಸಿ ಇಡುವ ಕೆಲಸವನ್ನೂ ಪ್ರೊಸ್ಟಾಗ್ಲಾಂಡಿನ್ ಮಾಡುತ್ತದೆ. ಚೆನ್ನಾಗಿ ಉಂಡು, ನೀರು ಕುಡಿದು, ನೆರಳಲ್ಲಿ ಇರುವ ಆರೋಗ್ಯವಂತನಿಗೆ ಈ ಸಹಾಯದ ಅಗತ್ಯ ಬಹಳ ಕಡಿಮೆ. ಬೆವರು ಹರಿದು, ರಕ್ತದ ಪ್ರಮಾಣ ತಗ್ಗಿದಾಗ ಮೂತ್ರಪಿಂಡ ಪೂರ್ತಿ ಇದನ್ನೇ ನಂಬುತ್ತದೆ. ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆ ಭಾಗದ ರೈತರಿಗೆ ಇದನ್ನು ತೂಬಿನ ಮಾತಿನಲ್ಲಿ ಹೇಳಿದರೆ ಬೇಗ ತಿಳಿಯುತ್ತದೆ. ಕಾಲುವೆ ತುಂಬಿ ಹರಿಯುವಾಗ ತೂಬು ಎಷ್ಟು ಎತ್ತಿದೆ ಎಂದು ಯಾರೂ ನೋಡುವುದಿಲ್ಲ. ನೀರು ಇಳಿದಾಗ ಹೊಲಕ್ಕೆ ಹನಿ ಮುಟ್ಟಬೇಕಾದರೆ ತೂಬನ್ನು ಪೂರ್ತಿ ಎತ್ತಿ ಹಿಡಿದಿರಬೇಕು. ನೋವಿನ ಗುಳಿಗೆ, ಹಾಗೆ ಎತ್ತಿ ಹಿಡಿದ ಕೈಯನ್ನು ಸಡಿಲಿಸುತ್ತದೆ. ಹೊಸ ತಲೆಮಾರಿನ ಎಟೋರಿಕಾಕ್ಸಿಬ್ ಜಠರಕ್ಕೆ ಹಗುರ ಎಂಬುದು ನಿಜ. ಮೂತ್ರಪಿಂಡಕ್ಕೆ ಅದರಿಂದ ಯಾವ ರಿಯಾಯಿತಿಯೂ ಇಲ್ಲ.

ಹಾಗಾದರೆ ರಾಯಚೂರಿನ ಬೇಸಿಗೆ ಈ ಔಷಧದ ಮಟ್ಟಿಗೆ ಬರಿಯ ಹವಾಮಾನದ ವಿಷಯವಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ಇಲ್ಲಿ 40 ಡಿಗ್ರಿ ಸೆಲ್ಸಿಯಸ್ ದಾಟುವುದು ವಿಶೇಷವೇ ಅಲ್ಲ. ಅದಕ್ಕೇ ಕಲಬುರಗಿ ವಿಭಾಗದ ಸರ್ಕಾರಿ ಕಚೇರಿಗಳು ಆ ಎರಡು ತಿಂಗಳು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ಕೆಲಸ ಮಾಡುವ ಪದ್ಧತಿ ಬಂದಿದೆ. ಕಚೇರಿಗೆ ಬಿಸಿಲಿನ ಲೆಕ್ಕ ಉಂಟು, ಔಷಧದ ಚೀಟಿಗೆ ಇಲ್ಲ. ಕೆರೆ ಹೂಳೆತ್ತುವ, ಬದು ಹಾಕುವ ಉದ್ಯೋಗ ಖಾತ್ರಿ ಕೆಲಸ ನಡೆಯುವುದು ಇದೇ ಬಿಸಿಲಲ್ಲಿ. ಬೇಸಿಗೆ ಬೆಳೆಯ ನೆಲ್ಲು ಕೊಯ್ಲಿಗೆ ಬಂದು ಚೀಲಗಳು ಗಂಜ್‌ಗೆ, ಅಕ್ಕಿ ಗಿರಣಿಗೆ ಸಾಗುವುದೂ ಇದೇ ಹೊತ್ತಿನಲ್ಲಿ. ನಾಟಿಯ ಕಾಲದಲ್ಲಿ ಬಿಸಿಲು ಕಡಿಮೆ ಇದ್ದರೂ ಹೆಂಗಸರು ಇನ್ನೊಂದು ಕಾರಣಕ್ಕೆ ನೀರು ಕಡಿಮೆ ಕುಡಿಯುತ್ತಾರೆ: ಬಯಲಿನ ಗದ್ದೆಯಲ್ಲಿ ಮೂತ್ರಕ್ಕೆ ಮರೆ ಎಲ್ಲಿದೆ? ಬೆಳಿಗ್ಗೆಯಿಂದ ಸಂಜೆವರೆಗೆ ಸೊಂಟ ಬಗ್ಗಿಸಿ ಸಸಿ ಹಚ್ಚಿ, ಬಾಯಾರಿಕೆ ತಡೆದು, ಮರುದಿನದ ಸರದಿಗಾಗಿ ರಾತ್ರಿ ಒಂದು ಗುಳಿಗೆ, ಬೆಳಿಗ್ಗೆ ಒಂದು ಗುಳಿಗೆ. ಮೂತ್ರಪಿಂಡದ ದೃಷ್ಟಿಯಿಂದ ಇದಕ್ಕಿಂತ ಕೆಟ್ಟ ಕೂಡುವಿಕೆ ಹುಡುಕುವುದು ಕಷ್ಟ.

ದುಡಿಯಲು ನೋವಿನ ಔಷಧ ನುಂಗುವ ರೂಢಿ ನಮ್ಮಲ್ಲೇ ಹುಟ್ಟಿದ್ದಲ್ಲ. ಸ್ವೀಡನ್ನಿನ ಹುಸ್ಕ್ವಾರ್ನಾ ಎಂಬ ಕಾರ್ಖಾನೆ ಪಟ್ಟಣದಲ್ಲಿ 1918ರ ಇನ್‌ಫ್ಲುಯೆಂಜಾ ಹೊತ್ತಿನಲ್ಲಿ ಬಂದ ಒಂದು ನೋವಿನ ಪುಡಿ, ಫಿನಾಸಿಟಿನ್, ಫಿನಾಜೋನ್ ಮತ್ತು ಕೆಫೀನ್ ಬೆರೆತದ್ದು, ಜ್ವರ ಹೋದ ಮೇಲೂ ಉಳಿದುಕೊಂಡಿತು. ಅದನ್ನು ತೆಗೆದುಕೊಂಡರೆ ಕೆಲಸದ ವೇಗ ತಗ್ಗುವುದಿಲ್ಲ ಎಂದು ಕಾರ್ಮಿಕರು ದಶಕಗಳ ಕಾಲ ಬಳಸಿದರು. ಸ್ವಿಟ್ಜರ್ಲೆಂಡಿನ ಗಡಿಯಾರ ಕಾರ್ಖಾನೆಗಳಲ್ಲೂ ಇದೇ ಕಥೆ. ಫಿನಾಸಿಟಿನ್ ಮತ್ತು ಮೂತ್ರಪಿಂಡದ ರೋಗದ ನಂಟನ್ನು ಸ್ವಿಸ್ ವೈದ್ಯರು 1953ರಲ್ಲಿ ಬರೆದರು. ಆ ಔಷಧ ಬೇರೆ, ಅದು ಮೂತ್ರಪಿಂಡವನ್ನು ಕೆಡಿಸಿದ ಬಗೆಯೂ ಬೇರೆ. ಆದರೆ ಬಳಕೆಯ ಕಾರಣ ಒಂದೇ. ಇತ್ತೀಚಿನ ಉದಾಹರಣೆ ಬೇಕೆಂದರೆ ನಿಕರಾಗುವಾ, ಎಲ್ ಸಾಲ್ವಡಾರ್‌ಗಳ ಕಬ್ಬು ಕಡಿಯುವವರು. ಅಲ್ಲಿ ಸಕ್ಕರೆ ಕಾಯಿಲೆ, ರಕ್ತದೊತ್ತಡ ಎರಡೂ ಇಲ್ಲದ ಯುವಕರಲ್ಲಿ ಮೂತ್ರಪಿಂಡ ಸೋಲುವುದನ್ನು ನೋಡಿದ ಸಂಶೋಧಕರು ಬಿಸಿಲಿನ ದುಡಿಮೆ ಮತ್ತು ನೀರಿನ ಕೊರತೆಯನ್ನು ಮುಖ್ಯ ಶಂಕಿತರೆಂದೂ ನೋವಿನ ಗುಳಿಗೆಯನ್ನು ಅದಕ್ಕೆ ಜೊತೆಗೂಡುವ ಶಂಕಿತನೆಂದೂ ಪರಿಗಣಿಸಿದ್ದಾರೆ. ನೀರು, ವಿಶ್ರಾಂತಿ, ನೆರಳು ಎಂಬ ಮೂರನ್ನೇ ಅಲ್ಲಿ ಔಷಧವಾಗಿ ಕೊಟ್ಟು ನೋಡುತ್ತಿದ್ದಾರೆ. ನಮ್ಮ ಪಕ್ಕದ ಆಂಧ್ರದ ಶ್ರೀಕಾಕುಳಂ ಜಿಲ್ಲೆಯ ಉದ್ದಾನಂನ ಮೂತ್ರಪಿಂಡ ರೋಗದ ಚರ್ಚೆಯಲ್ಲೂ ನೋವಿನ ಗುಳಿಗೆಯ ಹೆಸರು ಬಂದು ಹೋಗುತ್ತದೆ.

ರಕ್ತದೊತ್ತಡದ ಗುಳಿಗೆ ಈಗ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಪುಕ್ಕಟೆ ಸಿಗುತ್ತದೆ. ಇದು ಒಳ್ಳೆಯ ಬೆಳವಣಿಗೆ. ಅವುಗಳಲ್ಲಿ ಟೆಲ್ಮಿಸಾರ್ಟನ್ ಇದೆ, ಮೂತ್ರ ಹೆಚ್ಚಿಸುವ ಕ್ಲೋರ್ಥಾಲಿಡೋನ್ ಇದೆ. ಮೊದಲನೆಯದು ಮೂತ್ರಪಿಂಡದ ಸೋಸುವ ಒತ್ತಡವನ್ನು ತಗ್ಗಿಸುತ್ತದೆ, ಎರಡನೆಯದು ಮೈಯ ನೀರನ್ನು. ಇವೆರಡರ ಮೇಲೆ ಡೈಕ್ಲೋಫೆನಾಕ್ ಬಿದ್ದರೆ ಮೂರು ಕಡೆಯಿಂದಲೂ ಪೆಟ್ಟು. 2013ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂದ ಒಂದು ದೊಡ್ಡ ಅಧ್ಯಯನದ ಪ್ರಕಾರ ಈ ಮೂರು ಬಗೆಯ ಔಷಧ ಒಟ್ಟಿಗೆ ತೆಗೆದುಕೊಂಡವರಲ್ಲಿ ಮೂತ್ರಪಿಂಡ ದಿಢೀರನೆ ಸೋಲುವ ಸಾಧ್ಯತೆ ಶೇ 31ರಷ್ಟು ಹೆಚ್ಚು. ಮೊದಲ 30 ದಿನಗಳಲ್ಲಿ ಶೇ 82ರಷ್ಟು ಹೆಚ್ಚು. ಅದು ಬ್ರಿಟನ್ನಿನ ರೋಗಿಗಳ ಲೆಕ್ಕ, ಬ್ರಿಟನ್ನಿನ ಹವೆಯಲ್ಲಿ. ಬಿಪಿ ಗುಳಿಗೆ ಒಂದು ಕೌಂಟರಿನಲ್ಲಿ, ನೋವಿನ ಗುಳಿಗೆ ಬಸ್‌ ನಿಲ್ದಾಣದ ಎದುರಿನ ಅಂಗಡಿಯಲ್ಲಿ. ಇಬ್ಬರಿಗೂ ಇನ್ನೊಬ್ಬರ ಚೀಟಿ ಕಾಣುವುದಿಲ್ಲ.

ವಾಂತಿಭೇದಿಯ ಹೊತ್ತಿನಲ್ಲೂ ಇದೇ ಅಪಾಯ. 2022ರ ಮೇ ಕೊನೆಯಲ್ಲಿ ರಾಯಚೂರು ನಗರದಲ್ಲಿ ನಲ್ಲಿ ನೀರು ಕಲುಷಿತವಾಗಿ ಹಲವರು ಆಸ್ಪತ್ರೆ ಸೇರಿದರು, ಸಾವುಗಳೂ ಆದವು. ಹೊಟ್ಟೆ ನುಲಿತ, ಮೈಕೈ ನೋವು ಎಂದು ಇಂಥ ವೇಳೆಯಲ್ಲಿ ನೋವಿನ ಸೂಜಿ ಮಾಡಿಸಿಕೊಳ್ಳುವುದು ನೀರು ಕಳೆದುಕೊಂಡ ಮೂತ್ರಪಿಂಡದ ಮೇಲೆ ಇನ್ನೊಂದು ಹೊರೆ.

ಸೂಜಿಯ ವಿಷಯ ಬೇಗ ಮುಗಿಸುತ್ತೇನೆ, ಏಕೆಂದರೆ ಇದರಲ್ಲಿ ವಾದಕ್ಕೆ ಜಾಗ ಕಡಿಮೆ. 75 ಮಿಲಿಗ್ರಾಂ ಡೈಕ್ಲೋಫೆನಾಕ್‌ನ 3 ಮಿಲಿಲೀಟರ್ ಸೂಜಿಗೆ ಮೂತ್ರಕಲ್ಲಿನ ನೋವಿನಲ್ಲಿ, ಶಸ್ತ್ರಚಿಕಿತ್ಸೆಯ ಮರುದಿನ ಖಂಡಿತ ಸ್ಥಾನವಿದೆ. ಬಾಯಿಂದ ನುಂಗಬಲ್ಲವನ ಸೊಂಟನೋವಿಗೆ ಅದು ಗುಳಿಗೆಗಿಂತ ಹೆಚ್ಚಿನದೇನೂ ಕೊಡುವುದಿಲ್ಲ. ತಪ್ಪು ಜಾಗದಲ್ಲಿ ಚುಚ್ಚಿದರೆ ಕಾಲಿನ ದೊಡ್ಡ ನರಕ್ಕೆ ಪೆಟ್ಟು ಬಿದ್ದು ಪಾದ ಜೋತು ಬೀಳಬಹುದು. ಚರ್ಮ, ಮಾಂಸ ಕೊಳೆತು ಹುಣ್ಣಾದದ್ದೂ ವೈದ್ಯಕೀಯ ಸಾಹಿತ್ಯದಲ್ಲಿ ದಾಖಲಾಗಿದೆ. ಜನ ಸೂಜಿ ಕೇಳುತ್ತಾರೆ, ಅದಕ್ಕೆ ಮಾಡುತ್ತೇವೆ ಎಂಬುದು ಸಮರ್ಥನೆಯಾಗಲಾರದು.

ಇನ್ನು ಕುಡಿಯುವ ನೀರಿನ ಪ್ರಶ್ನೆ. ರಾಯಚೂರು ಜಿಲ್ಲೆ ಕೃಷ್ಣೆ ಮತ್ತು ತುಂಗಭದ್ರೆಯ ನಡುವಿನ ನೆಲ. ಎರಡು ನದಿಗಳ ನಡುವೆ ಇದ್ದೂ ಮಳೆ ಕಡಿಮೆ. ಕಾಲುವೆ ಮುಟ್ಟದ ಹಳ್ಳಿಗಳು ಬೋರ್‌ವೆಲ್‌ ನಂಬಿವೆ. ಇಲ್ಲಿನ ತಳಬಂಡೆ ಗ್ರಾನೈಟ್ ಮತ್ತು ನೈಸ್. ಅದರಲ್ಲಿರುವ ಫ್ಲೋರೈಟ್, ಅಪಟೈಟ್, ಬಯೊಟೈಟ್ ಖನಿಜಗಳಿಂದ ಫ್ಲೋರೈಡ್ ಕರಗಿ ಅಂತರ್ಜಲಕ್ಕೆ ಇಳಿಯುತ್ತದೆ. ನೀರು ಕ್ಷಾರವಾದಷ್ಟೂ, ಬಂಡೆಯೊಳಗೆ ನಿಂತಷ್ಟೂ ಹೆಚ್ಚು. ಮಾನ್ವಿ, ದೇವದುರ್ಗ ತಾಲ್ಲೂಕುಗಳ ಅಂತರ್ಜಲದಲ್ಲಿ ಮಿತಿ ಮೀರಿದ ಫ್ಲೋರೈಡ್ ಇರುವುದು ಭೂಜಲ ಅಧ್ಯಯನಗಳಲ್ಲಿ ಮತ್ತೆ ಮತ್ತೆ ಕಂಡಿದೆ. ಭಾರತೀಯ ಮಾನಕದಲ್ಲಿ ಲೀಟರಿಗೆ 1 ಮಿಲಿಗ್ರಾಂ ಅಪೇಕ್ಷಣೀಯ ಮಿತಿ. ಬೇರೆ ಮೂಲವಿಲ್ಲದಿದ್ದರೆ 1.5ರವರೆಗೆ ಒಪ್ಪಬಹುದು.

ವರ್ಷಗಟ್ಟಲೆ ಇಂಥ ನೀರು ಕುಡಿದವರ ಮೂಳೆ ದಟ್ಟವಾಗುತ್ತದೆ, ಅಸ್ಥಿರಜ್ಜುಗಳು ಸುಣ್ಣಗಟ್ಟುತ್ತವೆ. ಕತ್ತು ಬಿಗಿಯುತ್ತದೆ, ಬೆನ್ನು ಬಗ್ಗದು, ಮೊಣಕಾಲು ಮಡಚದು. ಮುಂಗೈಯ ಎಕ್ಸ್‌ರೇ ತೆಗೆದರೆ ಎರಡು ಮೂಳೆಗಳ ನಡುವಿನ ಪೊರೆ ಗರಗಸದ ಹಲ್ಲಿನಂತೆ ಸುಣ್ಣಗಟ್ಟಿರುವುದು ಕಾಣುತ್ತದೆ; ಇದು ನಂಬಬಹುದಾದ ಗುರುತು. ಎಕ್ಸ್‌ರೇ ಇಲ್ಲದ ಕಡೆ ಮೂರು ಸರಳ ಪರೀಕ್ಷೆಗಳಿವೆ. ಮೊಣಕಾಲು ಮಡಚದೆ ಬಗ್ಗಿ ಕಾಲ್ಬೆರಳು ಮುಟ್ಟಲು ಹೇಳಬೇಕು. ಗದ್ದವನ್ನು ಎದೆಗೆ ತಾಗಿಸಲು ಹೇಳಬೇಕು. ಎರಡೂ ಕೈ ಚಾಚಿ, ಮಡಚಿ, ತಲೆಯ ಹಿಂದೆ ಇಟ್ಟುಕೊಳ್ಳಲು ಹೇಳಬೇಕು. ಮೂರೂ ಆಗದ 40ರ ವಯಸ್ಸಿನ ಮನುಷ್ಯ ಬೋರಿನ ನೀರು ಕುಡಿಯುವ ಊರಿನವನಾಗಿದ್ದರೆ, ಅವನ ಚೀಟಿಯಲ್ಲಿ "ಕೀಲುನೋವು" ಎಂದಷ್ಟೇ ಬರೆದು ಅಸಿಕ್ಲೋಫೆನಾಕ್ ಕೊಡುವುದು ರೋಗನಿರ್ಣಯವಾಗಲಿಲ್ಲ.

ಭಾರತದಲ್ಲಿ ಫ್ಲೋರೋಸಿಸ್ ಎಂಬ ಈ ರೋಗವನ್ನು ಮೊದಲು ವಿವರವಾಗಿ ಬರೆದದ್ದು 1937ರಲ್ಲಿ, ಆಗಿನ ಮದ್ರಾಸ್ ಪ್ರಾಂತ್ಯದ ನೆಲ್ಲೂರಿನಿಂದ. ನಮಗೆ ಇನ್ನೂ ಹತ್ತಿರದ್ದು ನಲ್ಗೊಂಡ. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯ ವಿಜ್ಞಾನಿಗಳು 1970ರ ದಶಕದಲ್ಲಿ ಆ ಕಡೆಯ ಫ್ಲೋರೈಡ್ ಹಳ್ಳಿಗಳ ಹುಡುಗರಲ್ಲಿ ಮೊಣಕಾಲು ಒಳಕ್ಕೆ ಬಾಗುವ ರೋಗವನ್ನು ಗುರುತಿಸಿದರು. ಅನ್ನಕ್ಕಿಂತ ಜೋಳ ಉಣ್ಣುವವರ ಮೈಯಲ್ಲಿ ಫ್ಲೋರೈಡ್ ಹೆಚ್ಚು ಉಳಿಯುತ್ತದೆ ಎಂಬುದೂ ಅಲ್ಲಿಯ ಅಧ್ಯಯನದಿಂದಲೇ ಬಂದದ್ದು. ಜೋಳದ ರೊಟ್ಟಿಯ ಸೀಮೆಗೆ ಇದು ಕಹಿ ಸುದ್ದಿ. ರೊಟ್ಟಿ ಬಿಡಿ ಎಂದು ಯಾರೂ ಹೇಳಲಾರರು, ಹೇಳಲೂಬಾರದು. ಅದೇ ಸಂಸ್ಥೆ 2002ರಲ್ಲಿ ಇನ್ನೊಂದು ಮಾತು ಹೇಳಿತು: ಹುಣಸೆಹಣ್ಣು ತಿಂದ ಶಾಲಾ ಹುಡುಗರ ಮೂತ್ರದಲ್ಲಿ ಹೆಚ್ಚು ಫ್ಲೋರೈಡ್ ಹೊರಬಿತ್ತು. ಚಿಕ್ಕ ಅಧ್ಯಯನ, ಅದನ್ನು ಚಿಕಿತ್ಸೆ ಎಂದು ಕರೆಯುವಂತಿಲ್ಲ. ಆದರೂ ಊಟದ ಹಾಲು, ಮಜ್ಜಿಗೆ, ಸೊಪ್ಪು, ಹುಣಸೆಯ ಸಾರನ್ನು ಈ ರೋಗದಲ್ಲಿ ಕಡೆಗಣಿಸುವಂತಿಲ್ಲ.

ಫ್ಲೋರೋಸಿಸ್‌ನ ನೋವಿನಲ್ಲಿ ಉರಿಯೂತದ ಪಾಲು ಸಣ್ಣದು; ಮುಖ್ಯ ದೋಷ ಮೂಳೆಯ ರಚನೆಯಲ್ಲೇ ಇದೆ. ಆದ್ದರಿಂದ ಉರಿಯೂತ ನಿವಾರಕ ಕೆಲವು ಗಂಟೆ ನೋವು ಮರೆಸುತ್ತದೆ, ರೋಗ ತನ್ನ ದಾರಿ ಹಿಡಿದಿರುತ್ತದೆ. ಡೈಕ್ಲೋಫೆನಾಕ್‌ನ ಅರ್ಧಾಯುಷ್ಯ ಒಂದೆರಡು ಗಂಟೆ; ಮೂಳೆಯಲ್ಲಿ ಸೇರಿದ ಫ್ಲೋರೈಡ್‌ನದು ವರ್ಷಗಳು. ವರ್ಷಾನುಗಟ್ಟಲೆ ಇರುವ ನೋವಿಗೆ ವಾರದ ಔಷಧವನ್ನು ವರ್ಷಾನುಗಟ್ಟಲೆ ನುಂಗಿದಾಗ ಬರುವ ಬೆಲೆಯನ್ನು ಯಾರೋ ತೆರಬೇಕು. ಮೈಗೆ ಹೊಕ್ಕ ಫ್ಲೋರೈಡ್ ಹೊರಹೋಗುವ ಮುಖ್ಯ ದಾರಿ ಮೂತ್ರಪಿಂಡ. ಮೂತ್ರಪಿಂಡ ಕುಂದಿದವರ ಮೈಯಲ್ಲಿ ಫ್ಲೋರೈಡ್ ಹೆಚ್ಚು ನಿಲ್ಲುತ್ತದೆ ಎಂಬುದು ಸ್ಥಾಪಿತ ಸಂಗತಿ. ನೋವಿಗೆ ನುಂಗಿದ ಗುಳಿಗೆ ಮೂತ್ರಪಿಂಡವನ್ನು ಕುಂದಿಸಿದರೆ, ನೋವಿನ ಮೂಲವೇ ಮೈಯಲ್ಲಿ ಇನ್ನಷ್ಟು ಉಳಿಯುತ್ತದೆ. ಈ ಎರಡು ಸಂಗತಿಗಳನ್ನು ಜೋಡಿಸಿ ನಾನು ಎಳೆಯುತ್ತಿರುವ ಗೆರೆ ಇದು, ತರ್ಕದ ಗೆರೆ. ಈ ಸೀಮೆಯಲ್ಲಿ ಅಳತೆ ಮಾಡಿ ನೋಡಲು ಯೋಗ್ಯವಾದದ್ದು ಎಂದು ನನ್ನ ಎಣಿಕೆ.

ಮೊದಲು ಹೇಳಿದ ತೊಡಕು ಈಗ ಪೂರ್ತಿ ಎದುರಾಗುತ್ತದೆ. ಮೂತ್ರಪಿಂಡ ಉಳಿಯಬೇಕಾದರೆ ಬಿಸಿಲಲ್ಲಿ ದುಡಿಯುವವರು ನೀರು ಚೆನ್ನಾಗಿ ಕುಡಿಯಬೇಕು. ಆ ನೀರು ಬೋರಿನದಾದರೆ? ಕುಡಿಯುವ ನೀರಿನ ಮಿತಿಗಳನ್ನು ಹಾಕುವಾಗ ವಯಸ್ಕರೊಬ್ಬರು ದಿನಕ್ಕೆ ಸುಮಾರು 2 ಲೀಟರ್ ಕುಡಿಯುತ್ತಾರೆ ಎಂದು ಹಿಡಿಯುವುದು ವಾಡಿಕೆ. ಲೀಟರಿಗೆ 1.5 ಮಿಲಿಗ್ರಾಂ ಇರುವ ನೀರನ್ನು 2 ಲೀಟರ್ ಕುಡಿದರೆ 3 ಮಿಲಿಗ್ರಾಂ ಫ್ಲೋರೈಡ್. ಮೇ ತಿಂಗಳಲ್ಲಿ ಬದು ಹಾಕುವವನು 6 ಲೀಟರ್ ಕುಡಿದರೆ ಅದೇ ನೀರಿನಿಂದ 9 ಮಿಲಿಗ್ರಾಂ. ನೀರಿನಲ್ಲಿ 3 ಮಿಲಿಗ್ರಾಂ ಇದ್ದರೆ 18. ಎಲ್ಲ ಮೂಲಗಳಿಂದ ಸೇರಿ ದಿನಕ್ಕೆ 14 ಮಿಲಿಗ್ರಾಂ ಆದಲ್ಲಿ ಮೂಳೆಗೆ ಅಪಾಯ ಸ್ಪಷ್ಟ, 6 ಮಿಲಿಗ್ರಾಂ ದಾಟಿದರೇ ಅಪಾಯದ ಸೂಚನೆ ಇದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ 2002ರ ವಿಮರ್ಶೆ ಹೇಳುತ್ತದೆ. ಅಂದರೆ ಕಾಗದದ ಮೇಲೆ ಮಿತಿಯೊಳಗಿರುವ ಬೋರ್ ಕೂಡ ದುಡಿಯುವವರ ಪಾಲಿಗೆ ಮಿತಿಯೊಳಗೆ ಇಲ್ಲ. ಹಳ್ಳಿಗಳಲ್ಲಿ ಶುದ್ಧ ಕುಡಿಯುವ ನೀರಿನ ಘಟಕಗಳು ಬಂದಿವೆ; ನಾಣ್ಯ ಹಾಕಿ ಕ್ಯಾನ್ ತುಂಬಿಸಿ ಮನೆಗೆ ಒಯ್ಯುತ್ತಾರೆ. ಆದರೆ ಹೆಚ್ಚು ನೀರು ಹೊಟ್ಟೆಗೆ ಹೋಗುವುದು ಹೊಲದಲ್ಲಿ, ಅಲ್ಲಿ ಕುಡಿಯುವುದು ಹೊಲದ ಬೋರಿನದು ಇಲ್ಲವೆ ಕಾಲುವೆಯದು. ಕಾಯಿಸಿದರೆ ಕಾಲುವೆ ನೀರಿನ ಕ್ರಿಮಿ ಸಾಯುತ್ತದೆ, ಫ್ಲೋರೈಡ್ ಹೋಗುವುದಿಲ್ಲ. ಕೂಲಿಗೆ ಕರೆಯುವವರು ಕೆಲಸದ ಜಾಗಕ್ಕೆ ಘಟಕದ ನೀರಿನ ಕ್ಯಾನ್ ತಂದಿಡುವುದು ನನ್ನ ಲೆಕ್ಕದಲ್ಲಿ ನೋವಿನ ಚಿಕಿತ್ಸೆಯ ಭಾಗವೇ.

ಈ ಔಷಧ ನಿಜವಾಗಿ ಕೆಲಸಕ್ಕೆ ಬಂದ ಸಂದರ್ಭವನ್ನೂ ಹೇಳದಿದ್ದರೆ ಟಿಪ್ಪಣಿ ಒಮ್ಮುಖವಾದೀತು. 2006ರ ಚಿಕೂನ್‌ಗುನ್ಯಾವನ್ನು ಈ ಭಾಗದ ನಡುವಯಸ್ಕರು ಮರೆತಿಲ್ಲ. ಆ ವರ್ಷ ದೇಶದಲ್ಲಿ ಸುಮಾರು 13.9 ಲಕ್ಷ ಶಂಕಿತ ಪ್ರಕರಣಗಳು ವರದಿಯಾದವು, ಅದರಲ್ಲಿ 7.5 ಲಕ್ಷಕ್ಕೂ ಹೆಚ್ಚು ಕರ್ನಾಟಕದ್ದೇ. ಹೆಚ್ಚು ಬಾಧಿತ ಜಿಲ್ಲೆಗಳ ಪಟ್ಟಿಯಲ್ಲಿ ಗುಲ್ಬರ್ಗ, ಬೀದರ್, ಬಳ್ಳಾರಿಗಳ ಜೊತೆ ರಾಯಚೂರೂ ಇತ್ತು. ಇಡೀ ಮನೆಗೆ ಮನೆಯೇ ಗೋಡೆ ಹಿಡಿದು ನಡೆದ ಕಾಲ ಅದು. ಆ ಕೀಲುನೋವಿನಲ್ಲಿ ಉರಿಯೂತ ನಿಜವಾಗಿ ಇರುತ್ತದೆ, ಕೀಲು ಊದಿಕೊಳ್ಳುತ್ತದೆ, ಕೆಲವರಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ. ಅಲ್ಲಿ ಉರಿಯೂತ ನಿವಾರಕಕ್ಕೆ ತಕ್ಕ ಕೆಲಸವಿದೆ. ಒಂದೇ ಷರತ್ತು: ಅದೇ ಸೊಳ್ಳೆ ತರುವ ಡೆಂಗಿ ಅಲ್ಲವೆಂದು ಖಚಿತವಾಗುವವರೆಗೆ ಪ್ಯಾರಾಸಿಟಮಾಲ್ ಬಿಟ್ಟು ಬೇರೇನೂ ಕೊಡಬಾರದು. ಡೆಂಗಿಯಲ್ಲಿ ಆಸ್ಪಿರಿನ್, ಐಬುಪ್ರೊಫೆನ್, ಡೈಕ್ಲೋಫೆನಾಕ್ ರಕ್ತಸ್ರಾವದ ಅಪಾಯ ಹೆಚ್ಚಿಸುತ್ತವೆ. ಜ್ವರದ ಮೊದಲ ದಿನ ಎರಡಕ್ಕೂ ಮುಖ ಒಂದೇ. ಸಂಧಿವಾತ, ಗೌಟ್, ಮುಟ್ಟಿನ ನೋವು, ಮುರಿದ ಮೂಳೆ ಇವುಗಳಲ್ಲೂ ಕೆಲವು ದಿನಗಳ ಉರಿಯೂತ ನಿವಾರಕ ಒಳ್ಳೆಯ ಔಷಧ. ನೋವನ್ನು ಸಹಿಸಿಕೋ ಎಂದು ಬಡವರಿಗೆ ಉಪದೇಶಿಸುವುದು ವೈದ್ಯಕೀಯವೂ ಅಲ್ಲ, ನ್ಯಾಯವೂ ಅಲ್ಲ.

ಈ ಔಷಧಗಳು ಹೃದಯದ ಮೇಲೆ ಮಾಡುವ ಪರಿಣಾಮವೂ ಈಗ ವಿವಾದದಲ್ಲಿ ಉಳಿದಿಲ್ಲ. ಇದೇ ಕುಲದ ರೋಫೆಕಾಕ್ಸಿಬ್ ಹೃದಯದ ಅಪಾಯದಿಂದಾಗಿ 2004ರ ಸೆಪ್ಟೆಂಬರ್‌ನಲ್ಲಿ ಜಗತ್ತಿನ ಮಾರುಕಟ್ಟೆಯಿಂದ ಹಿಂದೆ ಸರಿದಾಗ ಡೈಕ್ಲೋಫೆನಾಕ್‌ನ ಮೇಲೆ ಹೆಚ್ಚಿನವರ ಕಣ್ಣು ಬಿದ್ದಿರಲಿಲ್ಲ. ದಿನವೂ ಹೆಚ್ಚಿನ ಪ್ರಮಾಣದಲ್ಲಿ ತೆಗೆದುಕೊಂಡರೆ ಅದೂ ಹೃದಯಾಘಾತದಂಥ ಘಟನೆಗಳನ್ನು ಸುಮಾರು ಮೂರನೇ ಒಂದು ಪಾಲಿನಷ್ಟು ಹೆಚ್ಚಿಸುತ್ತದೆ ಎಂದು 2013ರಲ್ಲಿ ಲ್ಯಾನ್ಸೆಟ್ ಪ್ರಕಟಿಸಿದ ಸಮಗ್ರ ವಿಶ್ಲೇಷಣೆ ತೋರಿಸಿತು. ಅದೇ ವರ್ಷ ಯುರೋಪು ಹೃದ್ರೋಗಿಗಳಿಗೆ ಅದನ್ನು ನಿಷೇಧಿಸಿತು. ವಿಶ್ವ ಆರೋಗ್ಯ ಸಂಸ್ಥೆಯ ಅಗತ್ಯ ಔಷಧಗಳ ಪಟ್ಟಿಯಲ್ಲಿ ಐಬುಪ್ರೊಫೆನ್ ಇದೆ, ಡೈಕ್ಲೋಫೆನಾಕ್ ಇಲ್ಲ. ನಮ್ಮ 2022ರ ರಾಷ್ಟ್ರೀಯ ಪಟ್ಟಿಯಲ್ಲಿ ಎರಡೂ ಇವೆ.

ಬೆರಕೆ ಗುಳಿಗೆಗಳದ್ದು ಬೇರೆಯೇ ಕಥೆ. ಕೇಂದ್ರ ಸರ್ಕಾರ 2016ರ ಮಾರ್ಚ್‌ನಲ್ಲಿ 344 ನಿಗದಿತ ಬೆರಕೆಗಳನ್ನು ನಿಷೇಧಿಸಿತು; ಆ ಪಟ್ಟಿಯಲ್ಲಿ ನಿಮೆಸುಲೈಡ್ ಮತ್ತು ಡೈಕ್ಲೋಫೆನಾಕ್ ಎರಡನ್ನೂ ಒಂದೇ ಗುಳಿಗೆಯಲ್ಲಿ ತುರುಕಿದ ಬೆರಕೆಯೂ ಇತ್ತು. ಒಂದೇ ದಾರಿಯಲ್ಲಿ ಕೆಲಸ ಮಾಡುವ ಎರಡು ಔಷಧ ಬೆರೆಸಿದರೆ ಗುಣ ಇಮ್ಮಡಿಯಾಗುವುದಿಲ್ಲ, ಅಪಾಯ ಮಾತ್ರ ಆಗುತ್ತದೆ. ನ್ಯಾಯಾಲಯ, ಸಮಿತಿ ಎಂದು ಸುತ್ತಿ 2018ರಲ್ಲಿ 328 ಬೆರಕೆಗಳ ನಿಷೇಧ ಮತ್ತೆ ಹೊರಬಂತು. 2024ರ ಆಗಸ್ಟ್‌ನಲ್ಲಿ ಇನ್ನೂ 156. ಅವುಗಳಲ್ಲಿ 50 ಮಿಲಿಗ್ರಾಂ ಅಸಿಕ್ಲೋಫೆನಾಕ್, 125 ಮಿಲಿಗ್ರಾಂ ಪ್ಯಾರಾಸಿಟಮಾಲ್ ಬೆರಕೆಯೂ ಒಂದು. ನಿಮೆಸುಲೈಡ್ 12 ವರ್ಷದೊಳಗಿನ ಮಕ್ಕಳಿಗೆ ಕೊಡಬಾರದೆಂದು 2011ರಿಂದ ಆದೇಶವಿದೆ. ಆದೇಶದ ಪ್ರತಿ ದೆಹಲಿಯಿಂದ ಅಂಗಡಿಯ ಕಪಾಟಿಗೆ ಬರಲು ಎಷ್ಟು ಕಾಲ ಬೇಕು ಎಂಬುದನ್ನು ಓದುಗರೇ ತಮ್ಮ ಮನೆಯ ಔಷಧ ಡಬ್ಬಿ ತೆರೆದು ನೋಡಿಕೊಳ್ಳಬಹುದು.

ಡೈಕ್ಲೋಫೆನಾಕ್ ಮೂತ್ರಪಿಂಡವನ್ನು ಹೇಗೆ ಕೆಡಿಸಬಲ್ಲದು ಎಂದು ಜಗತ್ತಿಗೆ ತೋರಿಸಿದ್ದು ರಣಹದ್ದುಗಳು. ದನಕ್ಕೆ ಚುಚ್ಚಿದ ಔಷಧ ಸತ್ತ ದನದ ಮಾಂಸದಲ್ಲಿ ಉಳಿದು, ತಿಂದ ಹದ್ದುಗಳ ಮೂತ್ರಪಿಂಡ ಸೋತು ಅವು ಸಾಯುತ್ತಿವೆ ಎಂದು 2004ರಲ್ಲಿ ಗೊತ್ತಾಯಿತು. 2006ರಲ್ಲಿ ಭಾರತ ಪಶುಗಳಿಗೆ ಅದರ ಬಳಕೆ ನಿಷೇಧಿಸಿತು. ಮನುಷ್ಯರಿಗೆಂದು ಮಾಡಿದ ಔಷಧದ ದೊಡ್ಡ ಸೀಸೆಗಳು ದನದ ಕೊಟ್ಟಿಗೆಗೆ ಹರಿಯುವುದು ನಿಲ್ಲಲಿಲ್ಲ. ಕೊನೆಗೆ 2015ರಲ್ಲಿ ಒಂದು ಡೋಸಿನ 3 ಮಿಲಿಲೀಟರ್ ಸೀಸೆ ಬಿಟ್ಟು ಉಳಿದದ್ದು ಬೇಡವೆಂದಾಯಿತು. 2023ರಲ್ಲಿ ಕೀಟೊಪ್ರೊಫೆನ್, ಅಸಿಕ್ಲೋಫೆನಾಕ್‌ಗಳೂ ಪಶುವೈದ್ಯದಿಂದ ಹೊರಬಿದ್ದವು. ಮನುಷ್ಯನ ಮೂತ್ರಪಿಂಡ ಹದ್ದಿನದಷ್ಟು ಸೂಕ್ಷ್ಮವಲ್ಲ. ಆದರೂ ಹದ್ದಿಗಾಗಿ ಸೀಸೆಯ ಅಳತೆ ಬದಲಿಸಿದ ವ್ಯವಸ್ಥೆ ಹಮಾಲನಿಗಾಗಿ ಪೊಟ್ಟಣದ ಮೇಲೆ ಹೆಸರು ಬರೆಸಲಾರದೇ?

ಇಷ್ಟರಿಂದ ರೂಢಿಗೆ ಏನು ಬದಲಾವಣೆ ಬೇಕು? ಮಂಡಿಸವೆತದ ನೋವಿಗೆ ಡೈಕ್ಲೋಫೆನಾಕ್ ಜೆಲ್ ಹಚ್ಚುವುದರಿಂದ ನೋವು ತಗ್ಗುತ್ತದೆ ಎಂಬುದಕ್ಕೆ ಒಳ್ಳೆಯ ಆಧಾರವಿದೆ, ರಕ್ತಕ್ಕೆ ಸೇರುವುದು ಗುಳಿಗೆಯ ಶೇ 6ರ ಆಸುಪಾಸು. ಮುಲಾಮು ಎಂದರೆ ಕಡಿಮೆ ಔಷಧ ಎಂಬ ಭಾವನೆಯನ್ನು ವೈದ್ಯರೇ ಮಾತಾಡಿ ಬಿಡಿಸಬೇಕು. ಗುಳಿಗೆ ಬೇಕೇ ಬೇಕಾದರೆ ಉಂಡ ಮೇಲೆ, ಅತಿ ಕಡಿಮೆ ಪ್ರಮಾಣದಲ್ಲಿ, ಮೂರರಿಂದ ಐದು ದಿನ. ಬಿಪಿ ಗುಳಿಗೆ ನುಂಗುವವರು, ಸಕ್ಕರೆ ಕಾಯಿಲೆಯವರು, 60 ದಾಟಿದವರು ಮೂತ್ರಪಿಂಡದ ಸ್ಥಿತಿ ತೋರಿಸುವ ಕ್ರಿಯಾಟಿನಿನ್ ರಕ್ತಪರೀಕ್ಷೆ ಮಾಡಿಸದೆ ಎರಡನೇ ಬಾರಿ ತೆಗೆದುಕೊಳ್ಳಬಾರದು. ಬಸುರಿಯರು ಐದನೇ ತಿಂಗಳ ನಂತರ ಮುಟ್ಟಲೇಬಾರದು. ಹೊಟ್ಟೆಯೊಳಗಿನ ಮಗುವಿನ ಮೂತ್ರಪಿಂಡಕ್ಕೆ ಪೆಟ್ಟು ಬಿದ್ದು ಗರ್ಭನೀರು ಕಡಿಮೆಯಾಗುತ್ತದೆ ಎಂದು ಅಮೆರಿಕದ ಔಷಧ ಆಡಳಿತ 2020ರಲ್ಲಿ ಎಚ್ಚರಿಸಿದೆ. ಬಿಸಿಲಲ್ಲಿ ದುಡಿದು ಮೂತ್ರ ಕಡು ಹಳದಿಯಾಗಿರುವ ದಿನ ಯಾರಿಗೂ ಈ ಗುಳಿಗೆ ಬೇಡ. ಮೊದಲು ನೀರು, ಓಆರ್‌ಎಸ್, ನೆರಳು, ಆಮೇಲೂ ನೋವಿದ್ದರೆ ಪ್ಯಾರಾಸಿಟಮಾಲ್.

ಜಲಜೀವನ್ ಮಿಷನ್ ಅಡಿಯಲ್ಲಿ ಗ್ರಾಮ ಪಂಚಾಯಿತಿಗಳಿಗೆ ನೀರು ಪರೀಕ್ಷೆಯ ಕಿಟ್ ಕೊಡುವ, ಊರಿನ ಹೆಂಗಸರಿಗೆ ಅದರ ತರಬೇತಿ ಕೊಡುವ ವ್ಯವಸ್ಥೆ ಇದೆ. ಆ ಕಿಟ್‌ನಲ್ಲಿ ಫ್ಲೋರೈಡ್ ಪರೀಕ್ಷೆಯೂ ಸೇರಿದೆ. ಮಾನ್ವಿ, ದೇವದುರ್ಗದ ತಾಲ್ಲೂಕು ಆಸ್ಪತ್ರೆಗಳ ಮತ್ತು ರಾಯಚೂರಿನ ವೈದ್ಯಕೀಯ ಕಾಲೇಜು ರಿಮ್ಸ್‌ನ ಹೊರರೋಗಿ ವಿಭಾಗದ ವೈದ್ಯರಲ್ಲಿ ನನ್ನ ಕೋರಿಕೆ ಇದು: ಒಂದೇ ಊರಿನಿಂದ ಕೀಲುನೋವೆಂದು ಮತ್ತೆ ಮತ್ತೆ ಬರುವವರ ಚೀಟಿಯಲ್ಲಿ ಔಷಧದ ಹೆಸರಿನ ಕೆಳಗೆ ಎರಡು ಸಾಲು ಸೇರಿಸಿ, ಕುಡಿಯುವ ನೀರು ಯಾವುದು, ಕ್ರಿಯಾಟಿನಿನ್ ಎಷ್ಟು ಎಂದು. ಬೋರಿನ ನೀರು ಎಂದು ಬಂದರೆ ಆ ಊರಿನ ಪಂಚಾಯಿತಿಗೆ ಒಂದು ಪತ್ರ ಬರೆದು ಆ ಬೋರಿನ ಪರೀಕ್ಷೆ ಮಾಡಿಸಿ.